ಮರಳು ಕ್ವಾರಿ, ಗುಜರಿ ಕಾರು, ಮೇಲೊಂದು ಗಾಜಿನ ಗುಮ್ಮಟ: ಈ ಸಿನಿಮಾ ಯಾವುದು ಹೇಳಿ

ಗುಜರಿ ಗುಂಡ · ಶನಿವಾರ ರಾತ್ರಿ 10:42

ಮೂವತ್ತೈದು ವರ್ಷದಿಂದ ತಲೆ ತಿಂತಿರೋ ಸಿನಿಮಾ ಒಂದಿದೆ. ಹೆಸರು ಗೊತ್ತಿಲ್ಲ. ಗೊತ್ತಿದ್ದವರು ಪುಣ್ಯ ಕಟ್ಕೊಳ್ಳಿ.

ಆಗ ನಾನು ತಿಪಟೂರಲ್ಲಿ ಆರನೇ ಕ್ಲಾಸು. ಕೊಬ್ಬರಿ ಗೋಡೌನಿನ ಪಕ್ಕ ಒಂದು ವಿಡಿಯೋ ಪಾರ್ಲರ್ ಇತ್ತು. ಎರಡು ರೂಪಾಯಿ ಟಿಕೆಟ್ಟು, ಮುಂದೆ ಚಾಪೆ, ಹಿಂದೆ ಬೆಂಚು. ಹೊರಗಡೆ ಹಲಗೆ ಮೇಲೆ ಸಿನಿಮಾ ಹೆಸರು ಬರೀತಿರಲಿಲ್ಲ. ಸೀಮೆಸುಣ್ಣದಲ್ಲಿ 'ಇಂಗ್ಲಿಷ್ ಭಯಂಕರ ಫೈಟಿಂಗ್' ಅಂತ ಗೀಚಿದ್ರೆ ಮುಗೀತು. ಅಮ್ಮನಿಗೆ ಟ್ಯೂಷನ್ ಅಂತ ಸುಳ್ಳು ಹೇಳಿ ನಾನೂ ನಮ್ಮಣ್ಣನೂ ಹೋಗಿದ್ವಿ.

ನೆನಪಿರೋದು ಇಷ್ಟು. ಪ್ರಳಯ ಆಗಿಹೋಗಿದೆ, ಎಲ್ಲಿ ನೋಡಿದ್ರೂ ಮರಳು, ಮಣ್ಣಿನ ಗೋಡೆ. ಬಿಳಿ ಬಟ್ಟೆಯ ಒಂದು ಗ್ಯಾಂಗು ಸಿಕ್ಕಸಿಕ್ಕವರನ್ನ ಕೊಲ್ತಾ ಬರುತ್ತೆ. ನಾಯಕನ ಕಾರಿನ ಮೇಲೆ ಗಾಜಿನದೋ ಪ್ಲಾಸ್ಟಿಕ್ಕಿನದೋ ಪಾರದರ್ಶಕ ಗುಮ್ಮಟ. ರಿಪೇರಿ ಮಾಡೋ ಒಬ್ಬ ಪುಟ್ಟ ಹುಡುಗ ಇದಾನೆ, ನನ್ನ ವಯಸ್ಸಿನವನೇ. ಕೊನೇಲಿ ನಾಯಕ ಸಾಯ್ತಾನೆ, ಆ ಹುಡುಗ ಒಬ್ಬನೇ ಗುಮ್ಮಟದ ಕಾರು ಹತ್ತಿ ಮರಳಲ್ಲಿ ಹೊರಟುಬಿಡ್ತಾನೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ಪ್ರಶ್ನೆ. ಮೊನ್ನೆ ಮಗನ ಜೊತೆ ಕೂತು ನೂರಾರು ಕೋಟಿಯ ಪ್ರಳಯದ ಸಿನಿಮಾ ನೋಡಿದೆ. ಊರಿಗೆ ಊರೇ ಕುಸೀತು, ನನಗೆ ಆಕಳಿಕೆ. ಆ ಕ್ವಾರಿಯ ಧೂಳು ಮಾತ್ರ ಇನ್ನೂ ಬಾಯಲ್ಲಿದೆ. ಯಾಕೆ?

ರೀಲ್‌ರಾಟೆ · ಶನಿವಾರ ರಾತ್ರಿ 11:30

ಗುಂಡಣ್ಣ, ಊರು ಕೇಳಿದ್ರೆ ಜಿಲ್ಲೆ ಹೇಳಿದ ಹಾಗಾಯ್ತು. ಈ ಲಕ್ಷಣದ ಸಿನಿಮಾಗಳು ಹತ್ತಾರು ಇವೆ. ಆದ್ರೂ ಸೋಸೋಣ.

ಮೂಲ ಎಲ್ಲರಿಗೂ ಗೊತ್ತಿರೋದೇ. 1979ರಲ್ಲಿ ಆಸ್ಟ್ರೇಲಿಯಾದ ಜಾರ್ಜ್ ಮಿಲ್ಲರ್ 'ಮ್ಯಾಡ್ ಮ್ಯಾಕ್ಸ್' ಮಾಡಿದ. ಆತ ಓದಿದ್ದು ವೈದ್ಯಕೀಯ. ಎಮರ್ಜೆನ್ಸಿ ವಾರ್ಡಲ್ಲಿ ಆಕ್ಸಿಡೆಂಟ್ ಕೇಸು ನೋಡಿ ನೋಡಿ, ಅದೇ ಸಿನಿಮಾ ಆಯ್ತು. ಖರ್ಚು ನಾಲ್ಕು ಲಕ್ಷ ಆಸ್ಟ್ರೇಲಿಯನ್ ಡಾಲರಿನ ಒಳಗೆ. ಚರ್ಮದ ಡ್ರೆಸ್ಸಿಗೂ ದುಡ್ಡಿಲ್ಲದೆ ಹೆಚ್ಚಿನ ಪೊಲೀಸ್ ಪಾತ್ರಗಳಿಗೆ ರೆಕ್ಸಿನ್ ಥರದ್ದು ಹೊಲಿಸಿದ್ರು. ಪ್ರಪಂಚದಾದ್ಯಂತ ಬಂದ ದುಡ್ಡು ಹತ್ತು ಕೋಟಿ ಡಾಲರ್. ಹಾಕಿದ್ದಕ್ಕೂ ಬಂದದ್ದಕ್ಕೂ ಇರೋ ಅಂತರದಲ್ಲಿ ಗಿನ್ನೆಸ್ ದಾಖಲೆ, 1999ರ 'ಬ್ಲೇರ್ ವಿಚ್ ಪ್ರಾಜೆಕ್ಟ್' ಬರೋವರೆಗೂ ಅದನ್ನ ಯಾರೂ ಮುಟ್ಟಲಿಲ್ಲ.

1981ರಲ್ಲಿ 'ಮ್ಯಾಡ್ ಮ್ಯಾಕ್ಸ್ 2', ಅದೇ ವರ್ಷ ಜಾನ್ ಕಾರ್ಪೆಂಟರನ 'ಎಸ್ಕೇಪ್ ಫ್ರಮ್ ನ್ಯೂಯಾರ್ಕ್'. ಇವೆರಡನ್ನೂ ನೋಡಿದ ಇಟಲಿಯವರಿಗೆ ಬಾಯಲ್ಲಿ ನೀರೂರಿತು. ಅವರ ಪದ್ಧತಿ ಮೊದಲಿಂದಲೂ ಹಾಗೇ. ಹರ್ಕ್ಯುಲಿಸ್ ಓಡಿದ್ರೆ ನೂರು ಹರ್ಕ್ಯುಲಿಸ್, ಕೌಬಾಯ್ ಓಡಿದ್ರೆ ನೂರು ಕೌಬಾಯ್. 1982ರಿಂದ 84ರ ಒಳಗೆ ಸಾಲುಸಾಲಾಗಿ ಪ್ರಳಯ. ಕ್ಯಾಸ್ಟೆಲ್ಲಾರಿ '1990: ದಿ ಬ್ರಾಂಕ್ಸ್ ವಾರಿಯರ್ಸ್' ಮಾಡಿದ, ಸೆರ್ಜಿಯೊ ಮಾರ್ಟಿನೊ '2019: ಆಫ್ಟರ್ ದಿ ಫಾಲ್ ಆಫ್ ನ್ಯೂಯಾರ್ಕ್' ಮಾಡಿದ. ಪೋಸ್ಟರ್ ಮೇಲೆ ಮಾರ್ಟಿನೊ ಹೆಸರು 'ಮಾರ್ಟಿನ್ ಡಾಲ್ಮನ್'. ಇಂಗ್ಲಿಷ್ ಹೆಸರಿದ್ರೆ ಹೊರದೇಶದಲ್ಲಿ ಮಾರಾಟ ಸಲೀಸು ಅಂತ ಲೆಕ್ಕ.

ಹುಡುಗ ಇದಾನೆ ಅಂದ್ರಲ್ಲ, ನನ್ನ ಊಹೆ 'ಎಕ್ಸ್‌ಟರ್ಮಿನೇಟರ್ಸ್ ಆಫ್ ದಿ ಇಯರ್ 3000'. ನೀರಿಗಾಗಿ ಜಗಳ, ಆ ಹುಡುಗನಿಗೆ ಒಂದು ಯಂತ್ರದ ಕೈ. ನೆನಪಾಗುತ್ತಾ?

ಗುಜರಿ ಗುಂಡ · ಶನಿವಾರ ರಾತ್ರಿ 11:51

ಇಲ್ಲ ಸರ್, ಯಂತ್ರದ ಕೈ ಅಲ್ಲವೇ ಅಲ್ಲ. ಕೈ ನೆಟ್ಟಗಿತ್ತು, ಗ್ರೀಸ್ ಮೆತ್ಕೊಂಡಿತ್ತು.

ಹುಬ್ಳಿ ಮಂದಿ · ಭಾನುವಾರ ಬೆಳಿಗ್ಗೆ 7:15

ನಾ ಕಾಲೇಜ್ ಇದ್ದಾಗ ಎರಡು ವರ್ಷ ವಿಡಿಯೋ ಲೈಬ್ರರಿಯೊಳಗ ಕೆಲಸ ಮಾಡೇನ್ರಿ. ಈ ಮಾಲು ಬಂತಂದ್ರ ಮಾಲಕರು ಹೆಸರು ನೋಡ್ತಿದ್ದಿಲ್ಲ, ಕವರ್ ನೋಡ್ತಿದ್ರು. ಕವರ್ ಮ್ಯಾಲ ಏನ್ ಚಿತ್ರ ಅಂತೀರಿ! ಹಿಂದ ಉರಿಯೋ ಶಹರ, ಮುಂದ ಎದಿ ಉಬ್ಬಿಸಿದ ಗಂಡಸು, ಕೆಳಗ ಇಪ್ಪತ್ತು ಮೋಟರ್‌ಸೈಕಲ್. ಕ್ಯಾಸೆಟ್ ಹಾಕಿದ್ರ ಒಳಗ ನಾಕ ಸೈಕಲ್‌ಮೋಟ್ರು, ಶಹರ ಪತ್ತೇನೇ ಇಲ್ಲ. ಆದ್ರ ಗಿರಾಕಿ ಒಬ್ಬರೂ ರೊಕ್ಕ ವಾಪಸ್ ಕೊಡ್ರಿ ಅಂದಿಲ್ಲ ನೋಡ್ರಿ. ಕವರ್ ನೋಡಿ ಅರ್ಧಾ ಸಿನಿಮಾ ಅವರ ತಲಿಯೊಳಗ ಆಗಲೇ ಓಡಿರ್ತಿತ್ತು.

ಜಗಳ ಆಗಿದ್ದು ಬ್ಯಾರೇದಕ್ಕ. ಒಂದs ಸಿನಿಮಾಕ್ಕ ಎರಡು ಹೆಸರು ಇರ್ತಿದ್ವು. ಯುರೋಪಿಗೊಂದು, ಅಮೆರಿಕಾಕ್ಕೊಂದು. ಒಬ್ಬ ಪೈಲ್ವಾನ್ ಒಂದs ವಾರದಾಗ ಎರಡೂ ಒಯ್ದು, ಮುಂಜಾನೆ ಕ್ಯಾಸೆಟ್ ಟೇಬಲ್ಲಿಗೆ ಕುಕ್ಕಿದ್ದು ಇನ್ನೂ ನೆನಪದ.

ಟೇಪು ತಿರುಗಿ ತಿರುಗಿ ಸವದು ಚಿತ್ರದ ಕೆಳಗ ಬಿಳೀ ಗೆರಿ ಕುಣೀತಿದ್ವು. ಸ್ಪಿರಿಟ್ ಹಚ್ಚಿದ ಹಾಳಿ ತಗೊಂಡು ಹೆಡ್ ಒರಸೋದು ನನ್ನ ಡ್ಯೂಟಿ. ಖರೇ ಹೇಳ್ತೀನಿ, ಈ ಪ್ರಳಯದ ಸಿನಿಮಾಕ್ಕ ಆ ಗೆರಿ ಛಂದ ಒಪ್ಪತಿತ್ತು. ಲೋಕ ಹಾಳಾದ ಮ್ಯಾಲ ಚಿತ್ರ ಸ್ವಚ್ಛ ಇದ್ರ ಹೆಂಗ?

ಕಡಲ ಕಾಗೆ · ಭಾನುವಾರ ಬೆಳಿಗ್ಗೆ 9:40

ಗುಂಡಣ್ಣನ ಎರಡನೇ ಪ್ರಶ್ನೆಗೆ ಉತ್ತರ ಸುಲಭ ಉಂಟು ಮಾರಾಯ್ರೆ. ನೀವು ನೆನಪು ಮಾಡ್ಕೊಳ್ಳುವುದು ಸಿನಿಮಾವನ್ನಲ್ಲ, ಆರನೇ ಕ್ಲಾಸನ್ನು. ಅಮ್ಮನಿಗೆ ಸುಳ್ಳು ಹೇಳಿದ ಪುಕುಪುಕು, ಅಣ್ಣನ ಜೊತೆ ಕೂತ ಚಾಪೆ. ಅದೇ ಚಾಪೆಯಲ್ಲಿ ಕೂರಿಸಿ ಟ್ರ್ಯಾಕ್ಟರ್ ಜಾಹೀರಾತು ತೋರಿಸಿದ್ರೂ ಇವತ್ತು ನೀವು ಇಲ್ಲಿ ಬಂದು ಹುಡುಕ್ತಿದ್ರಿ.

ನಾನೂ ಮಂಗಳೂರಲ್ಲಿ ಕಸಿನ್‌ಗಳ ಮನೆಯ ವಿಸಿಆರ್‌ನಲ್ಲಿ ಬೇಕಾದಷ್ಟು ನೋಡಿದ್ದೇನೆ. ಅದರಲ್ಲಿ ಹೆಂಗಸರಿಗೆ ಎಂತ ಕೆಲಸ? ಒಂದೋ ಕಿರುಚಬೇಕು, ಇಲ್ಲಾಂದ್ರೆ ಕಾರಿನ ಬಾನೆಟ್ಟಿಗೆ ಕಟ್ಟಿಸ್ಕೊಳ್ಳಬೇಕು. ಫಿಲಿಪ್ಪೀನ್ಸ್‌ನ ಸಿರಿಯೊ ಸ್ಯಾಂಟಿಯಾಗೊ ಮಾಡಿದ 'ವೀಲ್ಸ್ ಆಫ್ ಫೈರ್' ನೋಡಿ, ನಾಯಕನ ತಂಗಿಯನ್ನು ಹಾಗೇ ಕಟ್ಟಿ ಊರೆಲ್ಲ ಸುತ್ತಿಸ್ತಾರೆ. ಹನ್ನೆರಡು ವರ್ಷದ ಹುಡುಗಿ ಅದನ್ನು ಹುಡುಗರ ಗುಂಪಿನಲ್ಲಿ ಕೂತು ನೋಡುವುದು ಹೇಗಿರ್ತದೆ ಅಂತ ಯೋಚನೆ ಮಾಡಿ. ನನಗೆ ಬಾಯಲ್ಲಿ ಉಳಿದದ್ದು ಕ್ವಾರಿಯ ಧೂಳಲ್ಲ.

ಸ್ಟೆಪ್ನಿ · ಭಾನುವಾರ ಮಧ್ಯಾಹ್ನ 1:05

ಮೇಡಂ, ಬಾನೆಟ್ ವಿಷಯಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದ್ರೆ ಚಾಪೆ ವಿಷಯ ಪೂರ್ತಿ ಒಪ್ಪಲ್ಲ.

ನಾನು ಪೀಣ್ಯದಲ್ಲಿ ಲೇತ್ ಇಟ್ಕೊಂಡಿರೋನು. ಈ ಸಿನಿಮಾ ಬಂದಾಗ ಮುಖ ನೋಡಲ್ಲ, ಗಾಡಿ ನೋಡ್ತೀನಿ. ತಗಡು ಹೊಡೆದು, ಕಪ್ಪು ಬಣ್ಣ ಬಳಿದು, ಮುಂದೆ ನಾಲ್ಕು ಮೊಳೆ ವೆಲ್ಡ್ ಮಾಡಿರ್ತಾರೆ. ಆದ್ರೆ ಬಾಗಿಲು ತೆಗೆದ ಕೂಡಲೇ ಕೀಲು ನಿಜ ಹೇಳಿಬಿಡುತ್ತೆ: ಇದು ಯಾರದೋ ಮನೆ ಮುಂದೆ ನಿಂತಿದ್ದ ಹಳೇ ಕಾರು. ಆ ವೆಲ್ಡಿಂಗ್ ಗಂಟುಗಳನ್ನ ನೋಡಿ, ಒಂದೂ ಸಮ ಇಲ್ಲ. ರಾತ್ರಿ ಕೂತು ಅರ್ಜೆಂಟಲ್ಲಿ ಹೊಡೆದದ್ದು ಗೊತ್ತಾಗುತ್ತೆ.

ಈಗ ಕಥೆಗೆ ಬನ್ನಿ. ಕಥೇಲಿ ಪೆಟ್ರೋಲ್ ಇಲ್ಲ, ಬಿಡಿಭಾಗ ಇಲ್ಲ, ಇದ್ದದ್ದರಲ್ಲೇ ಕಟ್ಕೊಂಡು ಬದುಕಬೇಕು. ಸೆಟ್ಟಲ್ಲೂ ದುಡ್ಡಿಲ್ಲ, ಇದ್ದದ್ದರಲ್ಲೇ ಕಟ್ಟಬೇಕು. ಎರಡಕ್ಕೂ ಒಂದೇ ಬರ. ರಾಜನ ಅರಮನೆ ತೋರಿಸೋ ಸಿನಿಮಾಗೆ ದುಡ್ಡಿಲ್ದೇ ಇದ್ರೆ ಥರ್ಮೋಕೋಲ್ ಕಂಡುಬಿಡುತ್ತೆ, ನಗು ಬರುತ್ತೆ. ಇಲ್ಲಿ ಗುಜರಿ ಕಂಡ್ರೆ ಅದು ಗುಜರೀನೇ, ಗುಜರಿ ಪಾತ್ರಕ್ಕೆ ಗುಜರಿ ಬಂದಿದೆ. ಸುಳ್ಳು ಅಂತ ಅನ್ನಿಸೋದೇ ಇಲ್ಲ. ನೂರು ಕೋಟಿ ಸುರಿದು ಕಂಪ್ಯೂಟರಲ್ಲಿ ತುಕ್ಕು ಬರೆಸಿದ್ರೆ ನನ್ನಂಥೋನಿಗೆ ಅದು ಬಣ್ಣ, ತುಕ್ಕಲ್ಲ.

ರೀಲ್‌ರಾಟೆ · ಭಾನುವಾರ ಮಧ್ಯಾಹ್ನ 2:20

@ಸ್ಟೆಪ್ನಿ, ಗುರುವೇ, ಇದಕ್ಕೆ ಕಾರ್ಪೆಂಟರನ ಆ ಸಿನಿಮಾನೇ ಸಾಕ್ಷಿ. ಅರವತ್ತು ಲಕ್ಷ ಡಾಲರಲ್ಲಿ ಹಾಳುಬಿದ್ದ ನ್ಯೂಯಾರ್ಕ್ ತೋರಿಸಬೇಕು. ನ್ಯೂಯಾರ್ಕಲ್ಲಿ ಶೂಟ್ ಮಾಡೋಕೆ ಆಗಲ್ಲ. ಮಿಸೌರಿಯ ಸೇಂಟ್ ಲೂಯಿಸ್‌ಗೆ ಹೋದ್ರು. 1976ರಲ್ಲಿ ಅಲ್ಲಿ ದೊಡ್ಡ ಬೆಂಕಿ ಬಿದ್ದು ಬೀದಿಗಳೇ ಸುಟ್ಟುಹೋಗಿದ್ವು. ಸೆಟ್ ಹಾಕೋ ಖರ್ಚು ಬೆಂಕಿಯೇ ಉಳಿಸಿತ್ತು. ಕೊನೇ ಕಾರ್ ಚೇಸ್ ಇರೋ ಹಳೇ ಸೇತುವೆಯನ್ನ ಒಂದು ಡಾಲರಿಗೆ ಕೊಂಡು, ಶೂಟಿಂಗ್ ಮುಗಿದ ಮೇಲೆ ವಾಪಸ್ ಕೊಟ್ರು.

ಇನ್ನೊಂದು ಇದಕ್ಕಿಂತ ಚೆನ್ನಾಗಿದೆ. ನಾಯಕ ಗ್ಲೈಡರಲ್ಲಿ ಇಳಿಯುವಾಗ ಪರದೆ ಮೇಲೆ ಹಸಿರು ಗೆರೆಗಳಲ್ಲಿ ಊರು ಕಾಣುತ್ತಲ್ಲ, ಕಂಪ್ಯೂಟರ್ ಚಿತ್ರದ ಹಾಗೆ? ಆಗ ಅಷ್ಟು ಚಿತ್ರ ಬರೆಸೋಕೆ ಕಂಪ್ಯೂಟರ್ ಭಾರೀ ದುಬಾರಿ. ಕಟ್ಟಡಗಳ ಪುಟ್ಟ ಮಾದರಿ ಮಾಡಿ, ಕಪ್ಪು ಬಣ್ಣ ಹೊಡೆದು, ಅಂಚಿಗೆಲ್ಲ ಹೊಳೆಯೋ ಟೇಪ್ ಅಂಟಿಸಿ, ಕತ್ತಲಲ್ಲಿ ಕ್ಯಾಮರಾ ಓಡಿಸಿದ್ರು. ಅಂದ್ರೆ ಕಂಪ್ಯೂಟರಿನ ಕೆಲಸವನ್ನ ಮನುಷ್ಯರು ಕೈಯಲ್ಲಿ ನಕಲು ಮಾಡಿದ್ರು! ಈಗ ಎಲ್ಲ ಉಲ್ಟಾ.

1989ರ 'ಸೈಬೋರ್ಗ್' ಕಥೆಯಂತೂ ಮದುವೆ ನಿಂತ ಮನೆ ಥರ. ಕ್ಯಾನನ್ ಕಂಪನಿಯವರು ಬೇರೆ ಎರಡು ದೊಡ್ಡ ಸಿನಿಮಾಗೆ ಅಂತ ಸೆಟ್ಟು, ಬಟ್ಟೆ ಎಲ್ಲ ಮಾಡಿಸಿದ್ರು. ಕೈಯಲ್ಲಿ ಕಾಸಿಲ್ಲದೆ ಎರಡೂ ನಿಂತುಹೋದ್ವು. ಅಡುಗೆ ಆಗಿದೆ, ಗಂಡು ಇಲ್ಲ. ಆಲ್ಬರ್ಟ್ ಪ್ಯೂನ್ ಅನ್ನೋ ನಿರ್ದೇಶಕ ಅದೇ ಸಾಮಾನಿಗೆ ಹೊಂದೋ ಹಾಗೆ ಒಂದು ಪ್ರಳಯದ ಕಥೆ ಬರೆದು, ವ್ಯಾನ್ ಡ್ಯಾಮ್‌ನ ಕರ್ಕೊಂಡು ಬಂದು, ತಿಂಗಳೊಳಗೆ ಮುಗಿಸಿಬಿಟ್ಟ. ಮುಖ್ಯ ಪಾತ್ರಗಳ ಹೆಸರು ಗಿಟಾರ್, ಆಂಪ್ಲಿಫೈಯರ್ ಕಂಪನಿಗಳದ್ದು: ಗಿಬ್ಸನ್, ಫೆಂಡರ್, ಮಾರ್ಷಲ್. ಅವಸರದಲ್ಲಿ ಕಣ್ಣಿಗೆ ಬಿದ್ದದ್ದಿಷ್ಟೇ ಅಂತ ಕಾಣುತ್ತೆ.

ಸೈನೈಡ್ ದಿಬ್ಬ · ಭಾನುವಾರ ಸಂಜೆ 6:48

ತಡವಾಗಿ ಬಂದೆ. ನಾನು ಕೆಜಿಎಫ್‌ನವನು, ಚಾಂಪಿಯನ್ ರೀಫ್ ಕಡೆ. ಈಗ ಅಡಿಲೇಡ್‌ನಲ್ಲಿದ್ದೇನೆ.

ನಮಗೆ ಪ್ರಳಯದ ಸಿನಿಮಾ ವಿಚಿತ್ರ ಅನ್ನಿಸಲೇ ಇಲ್ಲ. ಚಿನ್ನ ತೆಗೆದು ಉಳಿದ ಮಣ್ಣನ್ನ ನೂರು ವರ್ಷ ಒಂದೇ ಕಡೆ ಸುರಿದು ಸುರಿದು ದಿಬ್ಬ ಆಗಿತ್ತಲ್ಲ, ಬೂದು ಬಣ್ಣದ್ದು, ಮಳೆ ಕೊರೆದ ಸೀಳುಗಳು, ಹುಲ್ಲು ಕೂಡ ಸರಿಯಾಗಿ ಬೆಳೆಯಲ್ಲ. ಅದೇ ನಮ್ಮ ಆಟದ ಬಯಲು. ಬೇಸಿಗೆ ಗಾಳಿಗೆ ಅದರ ಪುಡಿ ಎದ್ದು ಒಣಗಹಾಕಿದ ಬಟ್ಟೆ ಮೇಲೆ ಕೂರೋದು. ಸಿನಿಮಾ ನೋಡಿ ಬಂದ ಮಾರನೇ ದಿನ ಹಳೇ ಹೆಲ್ಮೆಟ್ಟು, ಸೈಕಲ್ ಟ್ಯೂಬು ಕಟ್ಕೊಂಡು ದಿಬ್ಬ ಹತ್ತೋದು. ಸೆಟ್ಟು ಪುಕ್ಕಟೆ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಆಮೇಲೆ ಊರೇ ಸೆಟ್ಟಿನ ಹಾಗೆ ಕಾಣ್ತಿತ್ತು, ಆಡೋಕೆ ಮಾತ್ರ ಯಾರಿಗೂ ಮನಸ್ಸಿರಲಿಲ್ಲ.

ಇಲ್ಲಿಗೆ ಬಂದ ಮೇಲೆ ಒಂದು ಲಾಂಗ್ ವೀಕೆಂಡಿಗೆ ಐನೂರು ಕಿಲೋಮೀಟರ್ ಕಾರ್ ಓಡಿಸ್ಕೊಂಡು ಬ್ರೋಕನ್ ಹಿಲ್‌ಗೆ ಹೋಗಿದ್ದೆ. 'ಮ್ಯಾಡ್ ಮ್ಯಾಕ್ಸ್ 2' ತೆಗೆದದ್ದು ಆ ಸುತ್ತಮುತ್ತ. ಅದೂ ಗಣಿ ಊರೇ, ಬೆಳ್ಳಿ, ಸೀಸದ್ದು. ಊರೊಳಗೇ ದೊಡ್ಡ ಮಣ್ಣಿನ ರಾಶಿ. ನೋಡಿದ ತಕ್ಷಣ ಗಂಟಲು ಕಟ್ಟಿತು, ಹೆಂಡತಿಗೆ ಯಾಕೆ ಅಂತ ಹೇಳೋಕೆ ಆಗಲಿಲ್ಲ. ಅಲ್ಲಿಂದ ಇನ್ನೂ ಸ್ವಲ್ಪ ದೂರ ಸಿಲ್ವರ್‌ಟನ್ ಅಂತ ಹಳ್ಳಿ. ಇಂಗ್ಲೆಂಡಿಂದ ಬಂದು ನೆಲೆಸಿದ ಒಬ್ಬ ಅಭಿಮಾನಿ ಅಲ್ಲಿ ಈ ಸಿನಿಮಾದ್ದೇ ಒಂದು ಮ್ಯೂಸಿಯಂ ಮಾಡಿದ್ದಾನೆ. ಊರಾಚೆ ಮುಂಡಿ ಮುಂಡಿ ಅನ್ನೋ ಕಡೆ ನಿಂತ್ರೆ ರಸ್ತೆ ಕೆಳಗಿಳಿದು ನೇರ ಬಯಲೊಳಗೆ ಹೋಗುತ್ತೆ, ಕಣ್ಣು ಮುಟ್ಟೋವರೆಗೂ ಒಂದು ಮರ ಇಲ್ಲ.

ತಮಾಷೆ ಏನಂದ್ರೆ, ಅದೇ ಮ್ಯಾಡ್ ಮ್ಯಾಕ್ಸ್ ಸರಣಿಯ 'ಫ್ಯೂರಿ ರೋಡ್' ಕೂಡ ಅಲ್ಲೇ ತೆಗೀಬೇಕಿತ್ತು. ಭಾರೀ ಮಳೆ ಬಂದು ಮರುಭೂಮಿ ತುಂಬ ಹೂ ಬಿಟ್ಟುಬಿಡ್ತು! ಪ್ರಳಯಕ್ಕೆ ಜಾಗ ಹುಡುಕ್ಕೊಂಡು ನಮೀಬಿಯಾಗೆ ಹೋದ್ರು.

'ಮ್ಯಾಡ್ ಮ್ಯಾಕ್ಸ್ 2'ರಲ್ಲಿ ಒಬ್ಬ ಬೈಕಿನಿಂದ ಹಾರಿ, ಕಾಲು ಕಾರಿಗೆ ತಗುಲಿ, ಗಾಳೀಲಿ ಬುಗುರಿ ಥರ ತಿರುಗಿ ಬೀಳ್ತಾನೆ ನೆನಪಿದೆಯಾ? ಅದು ಲೆಕ್ಕ ತಪ್ಪಿದ ಸ್ಟಂಟ್. ಗೈ ನಾರಿಸ್ ಅಂತ ಹುಡುಗ, ಕಾಲು ಮುರೀತು. ಶಾಟ್ ಹಾಗೇ ಸಿನಿಮಾದಲ್ಲಿದೆ. ಮುಂದೆ 'ಫ್ಯೂರಿ ರೋಡ್' ಸಾಹಸಗಳನ್ನೆಲ್ಲ ನೋಡ್ಕೊಂಡಿದ್ದು ಅದೇ ಮನುಷ್ಯ.

ಕಡಲ ಕಾಗೆ · ಭಾನುವಾರ ರಾತ್ರಿ 8:02

ದಿಬ್ಬದ ಮಾತು ಓದಿ ಸುಮ್ಮನೆ ಕೂತೆ ಸ್ವಲ್ಪ ಹೊತ್ತು. ಚಂದ ಬರೆದಿದ್ದೀರಿ.

ಆದರೆ ಕಾಲು ಮುರಿದ ಶಾಟನ್ನು 'ನಿಜವಾದದ್ದು' ಅಂತ ಮೆಚ್ಚುವಾಗ ನನಗೆ ಕಸಿವಿಸಿ. ಆತ ಎದ್ದು ಬಂದು ದೊಡ್ಡವನಾದ, ಸರಿ. ದುಡ್ಡಿಲ್ಲದ ಸೆಟ್ಟಿನಲ್ಲಿ ಬಿದ್ದು ಹೆಸರಿಲ್ಲದೆ ಹೋದವರು ಎಷ್ಟು ಮಂದಿಯೋ. ಸ್ಟೆಪ್ನಿಯವರ 'ಒಂದೇ ಬರ' ಕೇಳಲಿಕ್ಕೆ ಲಾಯ್ಕ್ ಉಂಟು, ಬರದ ಬಿಲ್ಲು ಯಾರು ಕಟ್ಟಿದ್ದು ಅಂತ ನೋಡಬೇಕಲ್ಲ.

ಸ್ಟೆಪ್ನಿ · ಭಾನುವಾರ ರಾತ್ರಿ 8:30

ಒಪ್ಪಿದೆ ಮೇಡಂ. ನಮ್ಮ ಶೆಡ್ಡಲ್ಲೂ ಗಾರ್ಡ್ ಇಲ್ದೇ ಮಿಷಿನ್ ಓಡಿಸಿ ಬೆರಳು ಕಳ್ಕೊಂಡವರಿದ್ದಾರೆ. ಅದನ್ನ ಜುಗಾಡ್ ಅಂತ ಹೊಗಳಿದ್ರೆ ನನಗೂ ಸಿಟ್ಟು ಬರುತ್ತೆ.

97ರ ಮಗು · ಭಾನುವಾರ ರಾತ್ರಿ 10:11

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿದ್ದೇ 1997ರಲ್ಲಿ. ವಿಡಿಯೋ ಪಾರ್ಲರ್ ನೋಡಿಲ್ಲ, ಕ್ಯಾಸೆಟ್ ಮುಟ್ಟಿಲ್ಲ. ಆದ್ರೂ ಈ ಸಿನಿಮಾಗಳ ಹುಚ್ಚು ನನಗಿದೆ. ಹಾಗಾಗಿ ಕಾಗೆ ಅಕ್ಕನ ಚಾಪೆ ಥಿಯರಿ ನನಗೆ ಅನ್ವಯಿಸಲ್ಲ.

ನನಗೆ ಇದರ ಬಾಗಿಲು ತೆಗೆದದ್ದು 2015ರ 'ಟರ್ಬೋ ಕಿಡ್', ಕೆನಡಾದವರದ್ದು. ಕಥೆ ನಡೆಯೋದು 'ಭವಿಷ್ಯದ' 1997ರಲ್ಲಿ. ಪೆಟ್ರೋಲ್ ಇಲ್ಲ, ಹಾಗಾಗಿ ಖಳನಾಯಕನ ಗ್ಯಾಂಗು ಕೂಡ ಬಿಎಂಎಕ್ಸ್ ಸೈಕಲ್ ತುಳ್ಕೊಂಡು ಅಟ್ಟಿಸ್ಕೊಂಡು ಬರುತ್ತೆ! ತಲೆಬುರುಡೆ ಮಾಸ್ಕ್ ಹಾಕ್ಕೊಂಡ ದಾಂಡಿಗರು ಏದುಸಿರು ಬಿಡ್ತಾ ಪೆಡಲ್ ಹೊಡೀತಾರೆ. ಅಲ್ಲಿಂದ ಹಿಂದಕ್ಕೆ ಹೋಗ್ತಾ ಹೋಗ್ತಾ ಇಟಲಿ ತಲುಪಿದೆ.

ಇನ್ನೊಂದು. 1989ರಲ್ಲಿ ರಟ್ಗರ್ ಹೌರ್ ನಟಿಸಿದ 'ದಿ ಸಲ್ಯೂಟ್ ಆಫ್ ದಿ ಜಗ್ಗರ್' ಅಂತ ಒಂದಿದೆ. ನಾಯಿಯ ತಲೆಬುರುಡೆಯನ್ನ ಚೆಂಡಾಗಿ ಇಟ್ಕೊಂಡು ಆಡೋ ಒಂದು ಕ್ರೂರ ಆಟ ಅದರಲ್ಲಿದೆ. ಆ ಆಟವನ್ನ ಈಗ ಜರ್ಮನಿ, ಆಸ್ಟ್ರೇಲಿಯಾದಲ್ಲಿ ನಿಜವಾಗ್ಲೂ ಆಡ್ತಾರೆ, ಮೆತ್ತನೆ ಕೋಲು, ಸ್ಪಂಜಿನ ಬುರುಡೆ ಇಟ್ಕೊಂಡು. ಲೀಗ್ ಎಲ್ಲ ಇದೆ. ಸಿನಿಮಾ ಮರೆತುಹೋಯ್ತು, ಆಟ ಉಳೀತು.

ಕಡಲ ಕಾಗೆ · ಭಾನುವಾರ ರಾತ್ರಿ 10:25

ತಮ್ಮಾ, 'ಟರ್ಬೋ ಕಿಡ್' ಮಾಡಿದವರೇ ಚಾಪೆಯ ಮೇಲೆ ಕೂತಿದ್ದ ಮಕ್ಕಳು. ಅವರ ಚಾಪೆಯನ್ನೇ ನೀನು ಬಾಡಿಗೆಗೆ ತಗೊಂಡದ್ದು. ಆದರೆ ಆ ಸಿನಿಮಾದ ಹುಡುಗಿ ನನಗೂ ಇಷ್ಟ, ಅವಳನ್ನು ಯಾರೂ ಬಾನೆಟ್ಟಿಗೆ ಕಟ್ಟಲಿಲ್ಲ.

ಗುಜರಿ ಗುಂಡ · ಸೋಮವಾರ ಬೆಳಿಗ್ಗೆ 6:20

ರಾತ್ರಿ ಎಲ್ಲ ಯೋಚಿಸಿ ಎರಡು ವಿಷಯ ನೆನಪಾಯ್ತು. ನಾಯಕನ ಜೊತೆ ಒಬ್ಬ ಕಪ್ಪು ವರ್ಣದ ಬಿಲ್ಲುಗಾರ. ಅವನ ಬಾಣ ತಾಗಿದ್ರೆ ಪಟಾಕಿ ಥರ ಸಿಡಿಯೋದು. ಪಾರ್ಲರಲ್ಲಿ ಒಂದೊಂದು ಬಾಣಕ್ಕೂ ಸೀಟಿ ಬೀಳ್ತಿತ್ತು. ಮತ್ತೆ ಆ ಹುಡುಗನ ಕೈಯಲ್ಲಿ ಕ್ಯಾಟರ್‌ಬಿಲ್ಲು. ಮಾರನೇ ದಿನ ನಾನೂ ಒಂದು ಮಾಡಿ ಪಕ್ಕದ ಮನೆ ಹೆಂಚು ಒಡೆದಿದ್ದೆ. ಹೆಂಚು ನೆನಪಿತ್ತು, ಕಾರಣ ಮರೆತಿತ್ತು ನೋಡಿ.

ರೀಲ್‌ರಾಟೆ · ಸೋಮವಾರ ಬೆಳಿಗ್ಗೆ 8:55

ಅಯ್ಯೋ ಗುಂಡಣ್ಣ, ಇದನ್ನ ಮೊದಲೇ ಹೇಳಬಾರದಾ! 'ದಿ ನ್ಯೂ ಬಾರ್ಬೇರಿಯನ್ಸ್', 1983, ಕ್ಯಾಸ್ಟೆಲ್ಲಾರಿಯದ್ದೇ. ಅಮೆರಿಕದಲ್ಲಿ 'ವಾರಿಯರ್ಸ್ ಆಫ್ ದಿ ವೇಸ್ಟ್‌ಲ್ಯಾಂಡ್'. ಹುಬ್ಳಿ ಸರ್ ಹೇಳಿದ ಎರಡು ಹೆಸರಿನ ಕೇಸು.

ನಾಯಕ ಸ್ಕಾರ್ಪಿಯನ್. ಬಿಲ್ಲುಗಾರ ಫ್ರೆಡ್ ವಿಲಿಯಮ್ಸನ್, ಮೊದಲು ಅಮೆರಿಕನ್ ಫುಟ್‌ಬಾಲ್ ಆಡ್ತಿದ್ದೋನು. ಬಿಳಿ ಬಟ್ಟೆ ಗ್ಯಾಂಗಿನ ಹೆಸರು ಟೆಂಪ್ಲರ್ಸ್, ಅವರ ಯಜಮಾನ ಜಾರ್ಜ್ ಈಸ್ಟ್‌ಮನ್, ಅಸಲಿ ಹೆಸರು ಲುಯಿಜಿ ಮೊಂಟೆಫಿಯೊರಿ. ಹುಡುಗ ಜಿಯೊವಾನ್ನಿ ಫ್ರೆಟ್ಸಾ. ಸಂಗೀತ ಕ್ಲಾಡಿಯೊ ಸಿಮೊನೆಟ್ಟಿ, ಗಾಬ್ಲಿನ್ ಅನ್ನೋ ರಾಕ್ ಬ್ಯಾಂಡಿನವನು, ಕಣ್ಣು ಮುಚ್ಚಿ ಕೇಳಿದ್ರೂ ಲಾಭ. ಕಥೆ ನಡೆಯೋ ವರ್ಷ 2019. ನಾವೆಲ್ಲ ಆ ವರ್ಷ ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ನಿಂತಿದ್ವಿ, ಪೂರ್ತಿ ಸುಳ್ಳಲ್ಲ.

ಒಂದೇ ತೊಡಕು. ಇದರಲ್ಲಿ ನಾಯಕ ಸಾಯಲ್ಲ. ಹುಡುಗ ಒಬ್ಬನೇ ಕಾರಲ್ಲಿ ಹೋಗಲ್ಲ. ಅದಕ್ಕೇ ನಾನು ಮೊದಲು ಇದನ್ನ ಪಕ್ಕಕ್ಕಿಟ್ಟಿದ್ದು.

ಗುಜರಿ ಗುಂಡ · ಮಂಗಳವಾರ ರಾತ್ರಿ 11:48

ನೋಡಿದೆ. ಇದೇ ಸಿನಿಮಾ. ಅದೇ ಗುಮ್ಮಟ, ಅದೇ ಮಣ್ಣಿನ ಗೋಡೆ. ಕೈ ನಡುಗ್ತು.

ಕಾರುಗಳು ಎಷ್ಟು ಮೆಲ್ಲಗೆ ಹೋಗ್ತವೆ ಅಂದ್ರೆ, ನಮ್ಮೂರ ಸಂತೆ ದಿನದ ಲಗೇಜ್ ಆಟೋ ಅವನ್ನ ಓವರ್‌ಟೇಕ್ ಮಾಡುತ್ತೆ. ಸಿಡಿಯೋ ಮನುಷ್ಯರು ಶುದ್ಧ ಬೊಂಬೆ, ಕತ್ತಿನ ಹೊಲಿಗೆ ಕಾಣುತ್ತೆ. ನಿಧಾನಗತಿ ಶಾಟ್ ಎಷ್ಟು ಅಂತೀರಿ, ಅರ್ಧ ಸಿನಿಮಾ ಅದೇ. ಮಗ ಹತ್ತು ನಿಮಿಷ ನಕ್ಕ, ಆಮೇಲೆ ಫೋನ್ ಪಕ್ಕಕ್ಕಿಟ್ಟು ನೋಡಿದ. ಒಂದು ಕ್ರೂರ ದೃಶ್ಯ ಬಂತು, ಎದ್ದು ಫಾರ್ವರ್ಡ್ ಮಾಡಿದೆ. ಪಾರ್ಲರಿನವನೂ ಅವತ್ತು ಮಾಡಿರಬೇಕು, ನನಗದು ನೆನಪೇ ಇಲ್ಲ. ಕಾಗೆ ಮೇಡಂ ಹೇಳಿದ್ದು ಯಾಕೆ ಅಂತ ಆಗ ಗೊತ್ತಾಯ್ತು.

ರಾಟೆ ಸರ್ ಹೇಳಿದ್ದು ನಿಜ, ನಾಯಕ ಸಾಯಲ್ಲ. ಕೊನೆ ಹತ್ತು ನಿಮಿಷದ ಒಂದು ಶಾಟ್ ಕೂಡ ನಾನು ನೋಡಿದ್ದಲ್ಲ. ಆಗ ಹೊಳೀತು. ಅವತ್ತು ಕರೆಂಟ್ ಹೋಗಿತ್ತು. ಅರ್ಧ ಗಂಟೆ ಕಾದು, ಪಾರ್ಲರಿನವನು ನಾಳೆ ಬನ್ನಿ ಅಂತ ಎಲ್ಲರನ್ನೂ ಎಬ್ಬಿಸಿ ಕಳಿಸಿದ್ದ. ನಾನು ಅಳ್ತಿದ್ದೆ. ಮಾರನೇ ದಿನ ಅಣ್ಣ ಒಬ್ಬನೇ ಹೋಗಿ ಬಂದು ರಾತ್ರಿ ಹಾಸಿಗೇಲಿ ಮಿಕ್ಕ ಕಥೆ ಹೇಳಿದ್ದ.

ಈಗ ತಾನೇ ಅಣ್ಣಂಗೆ ಫೋನ್ ಮಾಡಿದ್ದೆ. 'ನೀನು ಹೇಳಿದ ಕೊನೆ ಸಿನಿಮಾದಲ್ಲಿ ಇಲ್ವಲ್ಲೋ' ಅಂದೆ. ಸುಮಾರು ಹೊತ್ತು ಯೋಚಿಸಿದ. 'ಮಾರನೇ ದಿನ ಎಲ್ಲೋ ಹೋದೆ ನಾನು? ಎರಡು ರೂಪಾಯಿ ಎಲ್ಲಿತ್ತು?' ಅಂದ.

ಹುಬ್ಳಿ ಮಂದಿ · ಬುಧವಾರ ಬೆಳಿಗ್ಗೆ 7:02

ನಿಮ್ಮಣ್ಣಾರನ್ನ ಕ್ಯಾಸ್ಟೆಲ್ಲಾರಿ ಹತ್ತರ ಕಳಸಬೇಕಿತ್ರಿ, ಬಜೆಟ್ ಇನ್ನೂ ಕಡಿಮಿ ಆಗ್ತಿತ್ತು.

ಸೈನೈಡ್ ದಿಬ್ಬ · ಬುಧವಾರ ಬೆಳಿಗ್ಗೆ 9:30

ಹುಡುಗ ಒಬ್ಬನೇ ಕಾರು ಓಡಿಸ್ಕೊಂಡು ಹೋಗೋ ಕೊನೆ ನನಗೆ ಅಸಲಿಗಿಂತ ಇಷ್ಟ ಆಯ್ತು. ಅಣ್ಣನಿಗೆ ಆಗ ಎಷ್ಟು ವಯಸ್ಸು?

ಗುಜರಿ ಗುಂಡ · ಬುಧವಾರ ಬೆಳಿಗ್ಗೆ 9:41

ಹದಿಮೂರು.

97ರ ಮಗು · ಬುಧವಾರ ಮಧ್ಯಾಹ್ನ 12:15

ರಾಟೆ ಸರ್, ಇದೇ ಬಿಸೀಲಿ ನಮ್ಮ ಮಾವಂದೂ ಒಂದು ಕೇಳಿಬಿಡ್ತೀನಿ. ಅವರು ಹಾಸನದಲ್ಲಿ ನೋಡಿದ್ದಂತೆ. ಪ್ರಳಯದ ನಂತರ ಕಪ್ಪೆ ಮುಖದ ಮನುಷ್ಯರು, ಒಬ್ಬ ಕುಸ್ತಿಪಟು ನಾಯಕ. ನಾವು ಯಾರೂ ನಂಬ್ತಿಲ್ಲ, ಮಾವ ಕಟ್ಟಿ ಹೇಳ್ತಿದ್ದಾರೆ ಅಂತಿದೀವಿ.

ರೀಲ್‌ರಾಟೆ · ಬುಧವಾರ ಮಧ್ಯಾಹ್ನ 12:19

'ಹೆಲ್ ಕಮ್ಸ್ ಟು ಫ್ರಾಗ್‌ಟೌನ್', 1988. ಕುಸ್ತಿಪಟು ರಾಡಿ ಪೈಪರ್. ಮಾವನ ಹತ್ರ ಕ್ಷಮೆ ಕೇಳಿ.